ಚಳಿಗಾಲದ ರಸ್ತೆ ಮತ್ತು ನಮ್ಮ ಜವಾಬ್ದಾರಿ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣ ಸಂಸ್ಥೆಯ ಸಭೆಯಲ್ಲಿ ರಸ್ತೆಯ ವಿಷಯ ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಸ್ವಲ್ಪ ಯೋಚಿಸಿ ನೋಡಿ. ನಾವು ಕಟ್ಟಡ ಕಟ್ಟುತ್ತೇವೆ, ವಿದ್ಯಾರ್ಥಿ ವೇತನ ಕೊಡುತ್ತೇವೆ, ಒಳ್ಳೆಯ ಅಧ್ಯಾಪಕರನ್ನು ಹುಡುಕಿ ತರುತ್ತೇವೆ. ಇಷ್ಟೆಲ್ಲ ಆದ ಮೇಲೂ ಮಗು ಮನೆಯಿಂದ ಹೊರಟು ತರಗತಿ ತಲುಪಬೇಕಲ್ಲ? ಮಳವಳ್ಳಿ ಕಡೆಯ ಹಳ್ಳಿಯಿಂದ ಮದ್ದೂರಿಗೆ, ಮದ್ದೂರಿನಿಂದ ಮಂಡ್ಯಕ್ಕೆ ಬೆಳಗಿನ ಬಸ್ಸು ಹಿಡಿದು, ಅಣ್ಣನ ಬೈಕಿನ ಹಿಂದೆ ಕುಳಿತು, ಆಟೊದಲ್ಲಿ ಒತ್ತರಿಸಿಕೊಂಡು ಓದಲು ಬರುವ ಮಕ್ಕಳೆಷ್ಟೋ ಮಂದಿ. ಆ ಹಾದಿ ಸುರಕ್ಷಿತವಾಗಿಲ್ಲದಿದ್ದರೆ ನಮ್ಮ ಉಳಿದೆಲ್ಲ ಶ್ರಮ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಚಳಿಗಾಲದಲ್ಲಿ ರಸ್ತೆಯನ್ನು ಸುರಕ್ಷಿತವಾಗಿ ಇಡುವುದು ಯಾರ ಕೆಲಸ, ಅದನ್ನು ಹೇಗೆ ಮಾಡಬೇಕು, ಅದರಲ್ಲಿ ನಮ್ಮ ಪಾಲೇನು ಎಂಬ ಮೂರು ಪ್ರಶ್ನೆಗಳನ್ನು ಇಂದು ತಮ್ಮ ಮುಂದಿಡುತ್ತೇನೆ.

ಹಿಮದ ನಾಡಿನವರು ಏನು ಮಾಡುತ್ತಾರೆ?

ಮೊದಲು ಹೊರಗಿನ ಜಗತ್ತನ್ನು ನೋಡೋಣ. ಬ್ರಿಟನ್, ಸ್ವೀಡನ್, ಜಪಾನಿನಂಥ ದೇಶಗಳಲ್ಲಿ ಚಳಿಗಾಲವೆಂದರೆ ರಸ್ತೆಯ ಮೇಲೆ ಮಂಜುಗಡ್ಡೆ. ರಾತ್ರಿ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ರಸ್ತೆಯ ಮೇಲಿನ ತೇವ ಹೆಪ್ಪುಗಟ್ಟಿ ಗಾಜಿನ ಹಾಳೆಯಂತಾಗುತ್ತದೆ. ಎಷ್ಟೋ ಸಲ ಅದು ಕಣ್ಣಿಗೂ ಕಾಣುವುದಿಲ್ಲ, ಕೆಳಗಿನ ಕಪ್ಪು ಡಾಂಬರೇ ಕಾಣುತ್ತದೆ. ಒಣ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ ವಾಹನಕ್ಕೆ ಬಲವಾಗಿ ಬ್ರೇಕ್ ಒತ್ತಿದರೆ ಅದು ಹತ್ತು ಮೀಟರಿನೊಳಗೆ ನಿಲ್ಲಬಹುದು. ಮಂಜುಗಡ್ಡೆಯ ಮೇಲೆ ಅದೇ ವಾಹನ 60 ಮೀಟರಿಗೂ ಹೆಚ್ಚು ದೂರ ಜಾರಿಕೊಂಡು ಹೋಗುತ್ತದೆ.

ಇದಕ್ಕೆ ಅಲ್ಲಿನ ಸ್ಥಳೀಯ ಆಡಳಿತಗಳು ಕಂಡುಕೊಂಡ ಉಪಾಯ ಉಪ್ಪು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗಿಳಿಯಬೇಕು. ಬ್ರಿಟನ್ನಿನಲ್ಲಿ ಸಾಮಾನ್ಯ ಚಳಿಯ ರಾತ್ರಿಗಳಲ್ಲಿ ಚದರ ಮೀಟರಿಗೆ ಸುಮಾರು 10 ಗ್ರಾಂ ಕಲ್ಲುಪ್ಪು ಎರಚುತ್ತಾರೆ. ಹಿಮ ಬೀಳುವ ಸೂಚನೆಯಿದ್ದರೆ ಅದು 20, 40 ಗ್ರಾಮಿಗೂ ಏರುತ್ತದೆ. ಆದರೆ ಎಷ್ಟು ಉಪ್ಪು ಎಂಬುದಕ್ಕಿಂತ ಯಾವಾಗ ಎರಚುತ್ತಾರೆ ಎಂಬುದು ನಾವು ಗಮನಿಸಬೇಕಾದ ಸಂಗತಿ. ಉಪ್ಪಿನ ಲಾರಿಗಳು ಹೊರಡುವುದು ಮಂಜುಗಡ್ಡೆ ಕಟ್ಟಿದ ಮೇಲಲ್ಲ, ಕಟ್ಟುವುದಕ್ಕೆ ಮೊದಲು. ರಸ್ತೆಯೊಳಗೇ ಹುದುಗಿಸಿದ ಉಪಕರಣಗಳು ಡಾಂಬರಿನ ಉಷ್ಣತೆ ತಿಳಿಸುತ್ತವೆ, ಹವಾಮಾನ ಇಲಾಖೆ ಮುನ್ಸೂಚನೆ ಕೊಡುತ್ತದೆ, ಸಂಜೆಯೇ ತೀರ್ಮಾನವಾಗುತ್ತದೆ. ಎಲ್ಲ ರಸ್ತೆಗೂ ಉಪ್ಪು ಹಾಕುವಷ್ಟು ಹಣ ಅವರಲ್ಲಿಯೂ ಇಲ್ಲ. ಆದ್ದರಿಂದ ಆಸ್ಪತ್ರೆಗೆ ಹೋಗುವ ದಾರಿ, ಬಸ್ಸಿನ ದಾರಿ, ಮುಖ್ಯ ರಸ್ತೆ ಮೊದಲು ಎಂದು ಪಟ್ಟಿ ಮಾಡಿ, ನಕ್ಷೆ ಬರೆದು ಜನರಿಗೆ ಮೊದಲೇ ತಿಳಿಸುತ್ತಾರೆ. ಉಳಿದ ಓಣಿಗಳ ತಿರುವಿನಲ್ಲಿ ಉಪ್ಪು ಮತ್ತು ಮರಳಿನ ಪೆಟ್ಟಿಗೆಗಳನ್ನು ಇಟ್ಟಿರುತ್ತಾರೆ. ಅಕ್ಕಪಕ್ಕದ ಮನೆಯವರೇ ಅದನ್ನು ತೆಗೆದು ಎರಚಬೇಕು.

ಇದೆಲ್ಲ ತಾನಾಗಿಯೇ ಆದದ್ದಲ್ಲ. 2000ನೇ ಇಸವಿಯಲ್ಲಿ ಇಂಗ್ಲೆಂಡಿನ ಈಸ್ಟ್ ಸಸೆಕ್ಸ್ ಕೌಂಟಿಗೆ ಸಂಬಂಧಿಸಿದ ಮೊಕದ್ದಮೆಯೊಂದು ಅಲ್ಲಿನ ಅತ್ಯುನ್ನತ ನ್ಯಾಯಪೀಠಕ್ಕೆ ಬಂತು. ಬೆಳಗಿನ ಹೊತ್ತು ಮಂಜುಗಡ್ಡೆಯ ಮೇಲೆ ಕಾರು ಜಾರಿ ಒಬ್ಬರು ತೀವ್ರವಾಗಿ ಗಾಯಗೊಂಡಿದ್ದರು. ರಸ್ತೆಯನ್ನು ದುರಸ್ತಿಯಲ್ಲಿ ಇಡುವ ಕರ್ತವ್ಯದಲ್ಲಿ ಮಂಜುಗಡ್ಡೆ ತೆಗೆಯುವುದು ಸೇರುವುದಿಲ್ಲ ಎಂದು ಆಗಿನ ಕಾನೂನಿನ ಪ್ರಕಾರ ತೀರ್ಪಾಯಿತು. ಅಲ್ಲಿನ ಸಂಸತ್ತು ಸುಮ್ಮನೆ ಕೂರಲಿಲ್ಲ. 2003ರಲ್ಲಿ 1980ರ ಹೆದ್ದಾರಿ ಕಾಯ್ದೆಗೆ ತಿದ್ದುಪಡಿ ತಂದು, ಸಾಧ್ಯವಾದಷ್ಟರ ಮಟ್ಟಿಗೆ ಹಿಮ ಮತ್ತು ಮಂಜುಗಡ್ಡೆಯಿಂದ ಸಂಚಾರಕ್ಕೆ ಅಪಾಯವಾಗದಂತೆ ನೋಡಿಕೊಳ್ಳುವುದು ಆಡಳಿತದ ಕರ್ತವ್ಯವೆಂದು ಸ್ಪಷ್ಟವಾಗಿ ಬರೆಯಿತು. ಒಂದು ಅಪಘಾತದಿಂದ ಪಾಠ ಕಲಿತು ಕಾನೂನನ್ನೇ ಸರಿಪಡಿಸಿಕೊಂಡ ಉದಾಹರಣೆ ಇದು.

ನಮ್ಮ ದೇಶದಲ್ಲಿಯೂ ಹಿಮದ ರಸ್ತೆಗಳಿವೆ. ಕಾಶ್ಮೀರದಿಂದ ಲಡಾಖಿಗೆ ಹೋಗುವ, 11,500 ಅಡಿಗೂ ಎತ್ತರದ ಝೋಜಿಲಾ ಕಣಿವೆಯಲ್ಲಿ ಗಡಿ ರಸ್ತೆ ಸಂಸ್ಥೆಯವರು ಯಂತ್ರಗಳಿಂದ ಹಿಮ ಕಡಿದು ದಾರಿ ಮಾಡುತ್ತಾರೆ. ಹಿಮಾಚಲದಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ರೋಹ್ತಾಂಗ್ ಕಣಿವೆಯ ಹಿಮವನ್ನು ದಾಟುವ ಕಷ್ಟ ತಪ್ಪಿತು. ನಮಗೆ ಹತ್ತಿರದಲ್ಲೇ ಊಟಿಯ ಸುತ್ತಮುತ್ತ ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲೆ ಬಿಳಿಯ ಹಿಮ ಕಟ್ಟುವುದನ್ನು ಕಂಡವರು ತಮ್ಮಲ್ಲಿಯೂ ಇರಬಹುದು.

ನಮ್ಮ ಜಿಲ್ಲೆಯ ಮಂಜುಗಡ್ಡೆ

ಮಂಡ್ಯದಲ್ಲಿ ಹಿಮವೂ ಇಲ್ಲ, ಮಂಜುಗಡ್ಡೆಯೂ ಇಲ್ಲ, ನಮಗೇನು ಚಿಂತೆ ಎಂದು ತಾವು ಕೇಳಬಹುದು. ನಿಜ, ಇಲ್ಲಿ ರಸ್ತೆಯ ಮೇಲೆ ನೀರು ಹೆಪ್ಪುಗಟ್ಟುವುದಿಲ್ಲ. ಆದರೆ ಚಳಿಗಾಲ ಬಂದಿತೆಂದರೆ ನಮ್ಮ ರಸ್ತೆಯೂ ಜಾರುತ್ತದೆ. ಅದನ್ನು ಜಾರಿಸುವುದು ರಾಗಿ ಹುಲ್ಲು, ಹುರುಳಿ ಸೊಪ್ಪೆ.

ನವೆಂಬರಿನಿಂದ ಫೆಬ್ರವರಿಯವರೆಗೆ ಮಳವಳ್ಳಿ, ಮದ್ದೂರು, ನಾಗಮಂಗಲ ತಾಲ್ಲೂಕುಗಳ ಯಾವ ರಸ್ತೆಯಲ್ಲಿ ಬೇಕಾದರೂ ಹೋಗಿ ನೋಡಿ. ಕೊಯ್ದ ರಾಗಿ, ಹುರುಳಿ, ಅವರೆಯನ್ನು ಡಾಂಬರಿನ ಮೇಲೆ ಹರಡಿರುತ್ತಾರೆ. ಬಸ್ಸು, ಲಾರಿ ಅದರ ಮೇಲೆ ಹಾದುಹೋದರೆ ಒಕ್ಕಣೆ ಪುಕ್ಕಟೆಯಾಗುತ್ತದೆ. ಆದರೆ ಅದೇ ಹುಲ್ಲಿನ ಮೇಲೆ ಬೈಕ್ ಸವಾರ ಬ್ರೇಕ್ ಹಿಡಿದರೆ ಚಕ್ರಕ್ಕೆ ಡಾಂಬರಿನ ಹಿಡಿತ ಸಿಗುವುದಿಲ್ಲ. ಬೆಳಗಿನ ಇಬ್ಬನಿ ಬಿದ್ದಿದ್ದರಂತೂ ಕೇಳುವುದೇ ಬೇಡ. ಹುಲ್ಲಿನ ಕೆಳಗೆ ಉದುರಿದ ಹುರುಳಿ ಕಾಳು ಗುಂಡಿನಂತೆ ಉರುಳುತ್ತದೆ. ಹುಲ್ಲು ಕದಲದಿರಲೆಂದೂ, ವಾಹನ ಪಕ್ಕಕ್ಕೆ ಸರಿಯದಿರಲೆಂದೂ ಇಟ್ಟ ಕಲ್ಲು, ಮರದ ಕೊಂಬೆಗಳು ರಾತ್ರಿ ಅಲ್ಲೇ ಉಳಿದುಬಿಡುತ್ತವೆ. ಕಾರಿನವರಿಗೆ ಇನ್ನೊಂದು ಅಪಾಯ. ಒಣಗಿದ ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು, ಬಿಸಿಯಾದ ಸೈಲೆನ್ಸರ್ ಕೊಳವೆಗೆ ತಾಗಿ ಬೆಂಕಿ ಹತ್ತಿಕೊಂಡ ಘಟನೆಗಳು ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ವರದಿಯಾಗಿವೆ.

ಇಲ್ಲಿ ರೈತರನ್ನು ಮಾತ್ರ ದೂರಿ ಸುಮ್ಮನಾಗುವುದು ನ್ಯಾಯವಲ್ಲ. ಹಿಂದೆ ಪ್ರತಿ ಊರಿನಲ್ಲೂ ಕಣವಿತ್ತು. ನೆಲವನ್ನು ಕೆತ್ತಿ, ನೀರು ಹಾಕಿ ಗಟ್ಟಿಮಾಡಿ, ಸಗಣಿಯಿಂದ ಸಾರಿಸಿ, ಎತ್ತು ಕಟ್ಟಿ ರೋಣಗಲ್ಲು ಹೊಡೆಯುತ್ತಿದ್ದರು. ಕಣದ ಕೆಲಸವೆಂದರೆ ಊರಿಗೇ ಸುಗ್ಗಿ. ಈಗ ಎತ್ತುಗಳು ಕಡಿಮೆಯಾಗಿವೆ, ಕೂಲಿಯಾಳು ಸಿಗುವುದು ಕಷ್ಟ, ಊರ ಮುಂದಿನ ಬಯಲು ಎಷ್ಟೋ ಕಡೆ ನಿವೇಶನವಾಗಿದೆ. ಅರ್ಧ ಎಕರೆ, ಒಂದು ಎಕರೆ ರಾಗಿ ಬೆಳೆದವನಿಗೆ ಮನೆಯ ಮುಂದಿನ ಡಾಂಬರು ರಸ್ತೆಯೇ ಕಣವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಅವನಿಗೂ ಇದರಿಂದ ನಷ್ಟವೇ. ರಸ್ತೆಯಲ್ಲಿ ಒಕ್ಕಿದ ರಾಗಿಯಲ್ಲಿ ಜಲ್ಲಿಪುಡಿ, ಮಣ್ಣು, ಡೀಸೆಲ್ ಎಣ್ಣೆಯ ಅಂಶ ಸೇರುತ್ತದೆ. ಆ ರಾಗಿಯ ಮುದ್ದೆ ಉಣ್ಣುವವರು ಅವನ ಮಕ್ಕಳು, ನಮ್ಮ ಮಕ್ಕಳು.

ಮಂಜು ಮತ್ತು ಬೆಳಕು

ಎರಡನೆಯ ಅಪಾಯ ಮಂಜು. ನಮ್ಮದು ನಾಲೆಯ ಸೀಮೆ. ಕೆರೆ, ನಾಲೆ, ಭತ್ತದ ಗದ್ದೆ, ಕಬ್ಬಿನ ತೋಟಗಳಿಂದ ಗಾಳಿಯಲ್ಲಿ ತೇವ ಹೆಚ್ಚು. ಮೋಡವಿಲ್ಲದ, ಗಾಳಿ ಬೀಸದ ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗಿ, ಆ ತೇವ ನೆಲಮಟ್ಟದಲ್ಲೇ ಮಂಜಾಗಿ ನಿಲ್ಲುತ್ತದೆ. ಬಿಸಿಲೇರುವವರೆಗೂ ಅದು ಕರಗುವುದಿಲ್ಲ. ಹಾಲಿನ ಕ್ಯಾನಿನವರು, ಎಳನೀರು ತರಕಾರಿ ಸಾಗಿಸುವವರು, ಮಸೀದಿಗೆ ದೇವಸ್ಥಾನಕ್ಕೆ ನಡೆದು ಹೋಗುವ ಹಿರಿಯರು, ಟ್ಯೂಷನ್ನಿಗೆ ಹೊರಟ ಮಕ್ಕಳು ಎಲ್ಲರೂ ರಸ್ತೆಯಲ್ಲಿರುವುದು ಅದೇ ಹೊತ್ತಿನಲ್ಲಿ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 1,000 ಮೀಟರಿಗಿಂತ ಕಡಿಮೆ ದೂರ ಕಂಡರೆ ಅದು ಮಂಜು, 200 ಮೀಟರಿಗಿಂತ ಕಡಿಮೆಯಾದರೆ ದಟ್ಟ ಮಂಜು, 50 ಮೀಟರಿಗಿಂತ ಕಡಿಮೆಯಾದರೆ ಅತಿ ದಟ್ಟ ಮಂಜು. ಇನ್ನೊಂದು ಲೆಕ್ಕವನ್ನು ಇದರ ಪಕ್ಕದಲ್ಲಿಡಿ. ಚಾಲಕ ಅಪಾಯವನ್ನು ಕಂಡು, ಬ್ರೇಕ್ ಒತ್ತಿ, ವಾಹನ ಪೂರ್ತಿ ನಿಲ್ಲಲು ಬೇಕಾದ ದೂರವನ್ನು ಭಾರತೀಯ ರಸ್ತೆ ಕಾಂಗ್ರೆಸ್ ನಿಗದಿಪಡಿಸಿದೆ. ಗಂಟೆಗೆ 40 ಕಿಲೋಮೀಟರ್ ವೇಗಕ್ಕೆ 45 ಮೀಟರ್, 60ಕ್ಕೆ 80 ಮೀಟರ್, 100ಕ್ಕೆ 180 ಮೀಟರ್. ವಿದ್ಯಾರ್ಥಿಗಳೇ, ಈಗ ತಾವೇ ಹೇಳಿ. ಮುಂದೆ 50 ಮೀಟರ್ ಮಾತ್ರ ಕಾಣುತ್ತಿದ್ದರೆ ಎಷ್ಟು ವೇಗದಲ್ಲಿ ಹೋಗಬಹುದು? 40ಕ್ಕಿಂತ ಹೆಚ್ಚಲ್ಲ. ಆ ವೇಗ ಮೀರಿದವನು ಕಣ್ಣು ಮುಚ್ಚಿಕೊಂಡು ಓಡಿಸಿದಂತೆಯೇ ಲೆಕ್ಕ.

ಆ ಮಂಜಿನ ನಡುವೆ ಕಬ್ಬಿನ ಗಾಡಿ ನಿಂತಿದ್ದರೆ? ಕೊಪ್ಪದಲ್ಲಿ, ಭಾರತೀನಗರದಲ್ಲಿ, ಮಂಡ್ಯ ಪಟ್ಟಣದಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ಸಾಗಣೆಯ ತಿಂಗಳುಗಳಲ್ಲಿ ಟ್ರಾಕ್ಟರು, ಎತ್ತಿನಗಾಡಿ, ಲಾರಿಗಳು ರಾತ್ರಿಯಿಡೀ ಓಡಾಡುತ್ತವೆ. ಟ್ರೈಲರಿನ ಹಿಂದೆ ದೀಪವಿರುವುದಿಲ್ಲ, ಇದ್ದರೂ ಇಳಿಬಿದ್ದ ಕಬ್ಬು ಅದನ್ನು ಮುಚ್ಚಿರುತ್ತದೆ. ಪಂಕ್ಚರಾದರೆ ರಸ್ತೆಯಲ್ಲೇ ಬಿಟ್ಟು, ಹಿಂದೊಂದು ಕಲ್ಲಿಟ್ಟು ಹೋಗುತ್ತಾರೆ. ಕೆಲವು ನೂರು ರೂಪಾಯಿಯ ಹೊಳೆಯುವ ಪಟ್ಟಿ, ಅಂದರೆ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿದರೆ ಹಿಂದಿನಿಂದ ಬರುವ ಬೈಕಿನ ಬೆಳಕಿಗೆ ಅದು ದೂರದಿಂದಲೇ ಮಿನುಗುತ್ತದೆ. ಒಂದು ಕುಟುಂಬದ ದುಡಿಯುವ ಮಗನನ್ನು ಉಳಿಸಲು ಬೇಕಾಗುವುದು ಎಷ್ಟೋ ಸಲ ಇಷ್ಟೇ.

ಮೂರನೆಯದು ನಾಲೆಯ ಏರಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ಅವರಲ್ಲಿ ಶನಿವಾರದ ತರಗತಿ ಮುಗಿಸಿ ಮನೆಗೆ ಹೊರಟಿದ್ದ ಶಾಲಾ ಮಕ್ಕಳೂ ಇದ್ದರು. ಅದು ನಡೆದದ್ದು ಹಾಡಹಗಲಿನಲ್ಲಿ, ಮಂಜೂ ಇರಲಿಲ್ಲ. 2023ರ ನವೆಂಬರಿನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ನಾಲೆಗೆ ಬಿದ್ದು ಐವರು ಸತ್ತರು. ಹಗಲಿನಲ್ಲೇ ಹೀಗಾದರೆ, ಅಂಚಿನ ಬಿಳಿ ಗೆರೆ ಅಳಿಸಿಹೋದ, ತಡೆಗೋಡೆಯಿಲ್ಲದ ಏರಿಯ ಮೇಲೆ ಮಂಜು ಕವಿದ ಬೆಳಗಿನಲ್ಲಿ ಹೋಗುವವರ ಪಾಡೇನು?

ಹೆದ್ದಾರಿಯ ಮಾತನ್ನೂ ಹೇಳಿಬಿಡುತ್ತೇನೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಮೊದಲ ತಿಂಗಳುಗಳಲ್ಲೇ ಸಾವುನೋವು ಹೆಚ್ಚಿದ್ದರಿಂದ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟು ಸರ್ವಿಸ್ ರಸ್ತೆಗೆ ಕಳುಹಿಸಲಾಯಿತು. ವೇಗದ ಮಿತಿಯನ್ನು ನೋಡಿಕೊಳ್ಳಲು ಕ್ಯಾಮೆರಾಗಳು ಬಂದವು. ಅಧಿಕಾರಿಗಳು ಮನಸ್ಸು ಮಾಡಿದರೆ ವ್ಯವಸ್ಥೆ ಬದಲಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆ ಕಾಳಜಿ ಸರ್ವಿಸ್ ರಸ್ತೆಗೂ, ಹಳ್ಳಿಯ ರಸ್ತೆಗೂ ಇಳಿದು ಬರಬೇಕು ಎಂಬುದೇ ನಮ್ಮ ಬೇಡಿಕೆ.

ಯಾರನ್ನು ಕೇಳಬೇಕು?

ರಸ್ತೆ ಕೆಟ್ಟಾಗ ನಾವು ಸರ್ಕಾರವನ್ನು ಬೈಯುತ್ತೇವೆ. ಆದರೆ ಯಾವ ಕಚೇರಿಯ ಬಾಗಿಲು ತಟ್ಟಬೇಕೆಂದು ತಿಳಿದವರು ಕಡಿಮೆ. ಹಳ್ಳಿಯ ಒಳಗಿನ ಬೀದಿ ಗ್ರಾಮ ಪಂಚಾಯಿತಿಗೆ, ಪಟ್ಟಣದ ಬೀದಿ ಮತ್ತು ಬೀದಿದೀಪ ನಗರಾಡಳಿತಕ್ಕೆ, ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಗೆ, ನಾಲೆಯ ಏರಿ ನೀರಾವರಿ ನಿಗಮಕ್ಕೆ ಸೇರಿದ್ದು. ಬೆಂಗಳೂರು–ಮೈಸೂರು ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು, ಅದರ ಸಹಾಯವಾಣಿ 1033. ಇವರೆಲ್ಲರನ್ನೂ ಪೊಲೀಸ್, ಸಾರಿಗೆ ಇಲಾಖೆಯವರ ಜೊತೆ ಒಂದೇ ಮೇಜಿಗೆ ಕರೆತರುವುದು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. 1988ರ ಮೋಟಾರು ವಾಹನ ಕಾಯ್ದೆಯ 215ನೇ ಕಲಮಿನಲ್ಲಿ ಇದಕ್ಕೆ ಅವಕಾಶವಿದೆ. ಪ್ರತಿ ಜಿಲ್ಲೆಯಲ್ಲೂ ಇಂಥ ಸಮಿತಿ ಇರಬೇಕೆಂದು ಸುಪ್ರೀಂ ಕೋರ್ಟು 2017ರ ನವೆಂಬರಿನಲ್ಲಿ ನಿರ್ದೇಶನ ಕೊಟ್ಟಿದೆ. ಜಿಲ್ಲಾಧಿಕಾರಿಗಳು ಇದರ ಮುಖ್ಯಸ್ಥರು. ನಮ್ಮ ಮನವಿ ಸಲ್ಲಬೇಕಾದ ಜಾಗ ಅದು.

ಸಾರ್ವಜನಿಕ ದಾರಿಗೆ ಅಡ್ಡಿ ಮಾಡುವುದು ಅಪರಾಧವೆಂದು ಕಾನೂನು ಹೇಳುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಅದಕ್ಕೆ 200 ರೂಪಾಯಿವರೆಗೆ ದಂಡವಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ ಅದು 5,000 ರೂಪಾಯಿವರೆಗೆ ಏರಿದೆ. ಆದರೆ ದಂಡವೊಂದರಿಂದಲೇ ರಸ್ತೆ ತೆರವಾಗುವುದಿಲ್ಲ. ರಸ್ತೆಯಲ್ಲಿ ಬೇಡ ಎನ್ನುವವರು ಮತ್ತೆಲ್ಲಿ ಒಕ್ಕಬೇಕು ಎಂದೂ ತೋರಿಸಬೇಕು. ಊರಿಗೊಂದು ಕಾಂಕ್ರೀಟ್ ಕಣ, ಬಾಡಿಗೆಗೆ ಒಕ್ಕಣೆ ಯಂತ್ರ, ಎರಡೂ ಬೇಕು. ಉದ್ಯೋಗ ಖಾತ್ರಿಯ ಹಣದಲ್ಲಿ ಕಣ ಮಾಡಿಕೊಂಡ ಊರುಗಳು ರಾಜ್ಯದಲ್ಲಿವೆ. ಸಣ್ಣ ರೈತರಿಗೆ ಯಂತ್ರ ಬಾಡಿಗೆಗೆ ಸಿಗಲೆಂದೇ 2014–15ರಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಶುರುವಾದವು. ಗ್ರಾಮಸಭೆಯಲ್ಲಿ ಕೇಳುವವರಿದ್ದರೆ ಕೆಲಸ ಆಗುತ್ತದೆ.

ಹಿಮದ ನಾಡಿನಿಂದ ನಾವು ತರಬೇಕಾದದ್ದು ಉಪ್ಪನ್ನಲ್ಲ, ಆ ಕ್ರಮವನ್ನು. ಅಪಘಾತವಾದ ಮೇಲೆ ಓಡಿ ಬರುವುದಲ್ಲ, ಅಕ್ಟೋಬರಿನಲ್ಲೇ ತಯಾರಿ. ತಾಲ್ಲೂಕಿನಲ್ಲಿ ಯಾವ ಯಾವ ರಸ್ತೆಯಲ್ಲಿ ಒಕ್ಕಣೆ ನಡೆಯುತ್ತದೆ, ಎಲ್ಲಿ ಮಂಜು ಹೆಚ್ಚು, ಎಲ್ಲಿ ಏರಿಗೆ ತಡೆಯಿಲ್ಲ, ಯಾವ ರಸ್ತೆ ಉಬ್ಬಿಗೆ ಬಣ್ಣವಿಲ್ಲ ಎಂಬ ಪಟ್ಟಿ. ಶಾಲೆ ಮತ್ತು ಆಸ್ಪತ್ರೆಯ ದಾರಿ ಮೊದಲು. ಕಬ್ಬಿನ ಗಾಡಿಗೆ ಕಾರ್ಖಾನೆಯ ಗೇಟಿನಲ್ಲೇ ರಿಫ್ಲೆಕ್ಟರ್. ರಸ್ತೆಯಂಚಿಗೆ ಬಿಳಿ ಗೆರೆ, ತಿರುವಿನ ಮರಗಳಿಗೆ ಬಣ್ಣದ ಪಟ್ಟಿ. ಇವುಗಳಲ್ಲಿ ಬಹುಪಾಲು ಕೋಟಿಗಟ್ಟಲೆ ಹಣದ ಕೆಲಸಗಳಲ್ಲ.

ನಮ್ಮ ಪಾಲಿನ ಕೆಲಸ

ಇನ್ನು ನಮ್ಮ ಪಾಲು. ದಾರಿಯಲ್ಲಿ ಬಿದ್ದ ಕಲ್ಲುಮುಳ್ಳನ್ನು ತೆಗೆಯುವುದೂ ಸದಕಾ ಎಂದು ನಾವು ಮಕ್ಕಳಿಗೆ ಚಿಕ್ಕಂದಿನಲ್ಲೇ ಕಲಿಸುತ್ತೇವೆ. ಅದು ಪುಸ್ತಕದ ಪಾಠವಾಗಿ ಉಳಿಯಬಾರದು.

ನಮ್ಮ ಸಮಾಜದಲ್ಲಿ ಗ್ಯಾರೇಜು, ಪಂಕ್ಚರ್ ಅಂಗಡಿ, ವೆಲ್ಡಿಂಗ್ ಶೆಡ್ಡು ನಡೆಸುವವರಿದ್ದಾರೆ. ಆಟೊ, ಲಾರಿ ಓಡಿಸುವವರು ಮನೆಮನೆಯಲ್ಲಿದ್ದಾರೆ. ಅಣ್ಣಂದಿರೇ, ತಮ್ಮ ಅಂಗಡಿಗೆ ಟ್ರೈಲರೊಂದು ಬಂದರೆ ಚಕ್ರದ ಜೊತೆ ಹಿಂದಿನ ದೀಪವನ್ನೂ ನೋಡಿ. ರಿಫ್ಲೆಕ್ಟರ್ ಪಟ್ಟಿಯ ಒಂದು ಸುರುಳಿ ಅಂಗಡಿಯಲ್ಲಿರಲಿ. ಬ್ರಿಟನ್ನಿನ ಓಣಿಯಲ್ಲಿಟ್ಟ ಉಪ್ಪಿನ ಪೆಟ್ಟಿಗೆ ಮಾಡುವ ಕೆಲಸವನ್ನು ಆ ಸುರುಳಿ ಇಲ್ಲಿ ಮಾಡುತ್ತದೆ.

ಬೈಕ್ ಓಡಿಸುವ ತರುಣರೇ, ಮಂಜಿನಲ್ಲಿ ದೀಪವನ್ನು ಡಿಮ್‌ನಲ್ಲಿಡಿ. ಎತ್ತರದ ಬೆಳಕು ಮಂಜಿಗೆ ತಾಗಿ ತಮ್ಮ ಕಣ್ಣಿಗೇ ವಾಪಸು ಹೊಡೆಯುತ್ತದೆ. ಹುಲ್ಲು ಹಾಸಿದ ಕಡೆ ದೂರದಲ್ಲೇ ವೇಗ ಇಳಿಸಿ, ಅದರ ಮೇಲೆ ಹೋಗುವಾಗ ಮುಂದಿನ ಬ್ರೇಕನ್ನು ಹಠಾತ್ತನೆ ಹಿಡಿಯಬೇಡಿ. ಹೆಲ್ಮೆಟ್ಟು ಪೆಟ್ರೋಲ್ ಟ್ಯಾಂಕಿನ ಮೇಲಲ್ಲ, ತಲೆಯ ಮೇಲಿರಲಿ, ಹಿಂದೆ ಕುಳಿತ ತಂಗಿಗೂ ಇರಲಿ. ಪೋಷಕರೇ, ಬೆಳಗಿನ ಟ್ಯೂಷನ್ನಿಗೆ ಹೋಗುವ ಮಗುವಿಗೆ ತಿಳಿ ಬಣ್ಣದ ಸ್ವೆಟರ್ ಹಾಕಿ. ದಟ್ಟ ಮಂಜಿದ್ದ ದಿನ ಅರ್ಧ ಗಂಟೆ ತಡವಾಗಿ ಬಂದ ಮಗುವನ್ನು ಹೊರಗೆ ನಿಲ್ಲಿಸಬಾರದೆಂದು ಅಧ್ಯಾಪಕ ಬಂಧುಗಳಲ್ಲಿಯೂ ಕೇಳಿಕೊಳ್ಳುತ್ತೇನೆ.

ಅಪಘಾತ ಕಂಡರೆ ಹೆದರಿ ಹಿಂದೆ ಸರಿಯಬೇಡಿ. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿಸಿದ 134ಎ ಕಲಮು ಈ ರಕ್ಷಣೆ ಕೊಟ್ಟಿದೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ಮುಂದಿನ ಅಕ್ಟೋಬರಿನಲ್ಲಿ ಪ್ರತಿಯೊಬ್ಬರೂ ಮನೆಯಿಂದ ಶಾಲೆ ಅಥವಾ ಕಾಲೇಜಿನವರೆಗಿನ ತಮ್ಮ ದಾರಿಯ ಒಂದು ನಕ್ಷೆ ಬರೆಯಿರಿ. ಹುಲ್ಲು ಹಾಸುವ ಜಾಗ, ದೀಪವಿಲ್ಲದ ತಿರುವು, ತಡೆಯಿಲ್ಲದ ಏರಿ, ಬಣ್ಣವಿಲ್ಲದ ಉಬ್ಬು, ಎಲ್ಲವನ್ನೂ ಗುರುತಿಸಿ. ಅವನ್ನು ಊರುವಾರು ಸೇರಿಸಿದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಚಳಿಗಾಲದ ನಕ್ಷೆಯೊಂದು ಸಿದ್ಧವಾಗುತ್ತದೆ. ಅದನ್ನು ಸಂಸ್ಥೆಯ ಮನವಿಯ ಜೊತೆ ಲಗತ್ತಿಸಿ ಜಿಲ್ಲಾಧಿಕಾರಿಗಳ ಕೈಗೆ ಕೊಡೋಣ, ಪ್ರತಿಗಳನ್ನು ಆಯಾ ಪಂಚಾಯಿತಿಗೆ ಮುಟ್ಟಿಸೋಣ. ಯಾವ ಕೆಲಸ ಆಯಿತು, ಯಾವುದು ಉಳಿಯಿತು ಎಂದು ಮರುವರ್ಷದ ಸಂಚಿಕೆಯಲ್ಲಿ ಪ್ರಕಟಿಸೋಣ. ಬರೀ ಬೇಡಿಕೆ ಇಡುವವರಿಗಿಂತ ಲೆಕ್ಕ ಇಟ್ಟುಕೊಂಡು ಕೇಳುವವರ ಮಾತಿಗೆ ಕಚೇರಿಗಳಲ್ಲಿ ಬೆಲೆ ಹೆಚ್ಚು.

ರಸ್ತೆಗೆ ಜಾತಿಯಿಲ್ಲ, ಮತವಿಲ್ಲ. ನಾವು ಸರಿಪಡಿಸಿದ ದಾರಿಯಲ್ಲಿ ಊರಿನ ಎಲ್ಲರ ಮಕ್ಕಳೂ ಕ್ಷೇಮವಾಗಿ ಮನೆ ಸೇರಲಿ.